ಚಹಾ ಗ್ಲಾಸಿನ ಕೆಳಗಿನ ಸೀಡಿ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂದಾನೆಪ್ಪ ತನ್ನ ಅಕ್ಕನ ತಲೆಯ ಸ್ಕ್ಯಾನಿಂಗ್ ಸೀಡಿಯನ್ನು ಹಳೆಯ ಧೋತರದ ಚೂರಿನಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ರಾಣೇಬೆನ್ನೂರಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ತಂದ. ಊರೆಲ್ಲ ಅವನನ್ನು ಸಾವ್ಕಾರ್ರು ಅನ್ನುತ್ತದೆ. ಎದುರಿಗೆ ನಾನೂ ಹಾಗೇ ಅನ್ನುತ್ತೇನೆ. ಇಲ್ಲಿ ಬರೆಯುವಾಗ ಅಷ್ಟು ಮರ್ಯಾದೆ ಬೇಡ.

ಬಿಚ್ಚಿ ನೋಡಿದೆ. ಹೊಳೆಯುವ ಮಗ್ಗುಲಿನ ತುಂಬ ಚಹಾ ಗ್ಲಾಸಿನ ತಳದ ಕಂದು ಉಂಗುರಗಳು, ಒಂದರ ಮೇಲೊಂದು. ಉಂಗುರಗಳ ನಡುವೆ ಮೆಣಸಿನಕಾಯಿಯ ಕೆಂಪು ಪುಡಿ. ಪುಡಿಗೆ ಎಣ್ಣೆಯ ಜಿಡ್ಡು. ಜಿಡ್ಡಿನ ಮೇಲೆ ಬೂದಿ ಬಣ್ಣದ್ದು ಇನ್ನೇನೋ.

"ಇದನ್ನ ಏನ್ ಮಾಡೀರಿ, ಸಾವ್ಕಾರ್ರ?"

"ತೊಳದೀವಿ," ಅಂದ. ಹೆಮ್ಮೆಯಿಂದಲೇ ಅಂದ.

"ಯಾತರ್ಲೆ?"

"ವಿಭೂತಿ ಹಚ್ಚಿ. ನಮ್ಮನಿಯಾಕಿ ಶ್ರೀದೇವಿ ಬೆಳ್ಳಿ ಸಾಮಾನ ಹೆಂಗ ತಿಕ್ಕತಾಳ, ಹಂಗ ತಿಕ್ಯಾಳ. ಗುಂಡಗ, ಗುಂಡಗ. ತಾಸ ಹೊತ್ತು ತಿಕ್ಯಾಳ್ರಿ, ಪಾಪ ಕೈ ನೊಂದಾವ."

ವಿಭೂತಿಯಿಂದ ತಿಕ್ಕಿದರೆ ಬೆಳ್ಳಿ ಹೊಳೆಯುತ್ತದೆ, ನಮ್ಮ ಮನೆಯಲ್ಲೂ ಹಾಗೇ ತಿಕ್ಕುತ್ತಾರೆ. ಸೀಡಿ ಬೆಳ್ಳಿಯ ಹಾಗೆ ಕಾಣುತ್ತದೆ, ಆದ್ದರಿಂದ ಅದೂ ಬೆಳ್ಳಿ. ಇವರ ತಿಳಿವಳಿಕೆ ಇಷ್ಟೇ. ಕಣ್ಣು ಮುಚ್ಚಿ ಒಂದು ಮೆಣಸಿನಕಾಯಿ ಕೈಗಿಟ್ಟರೆ ಕಡ್ಡಿ ತಳಿಯೋ ಡಬ್ಬಿ ತಳಿಯೋ, ಈ ವರ್ಷದ್ದೋ ಕೋಲ್ಡ್ ಸ್ಟೋರೇಜಿನದೋ ಎಂದು ಹೇಳುವ ಮನುಷ್ಯ. ಬೆಳ್ಳಿ ಯಾವುದು, ಪ್ಲಾಸ್ಟಿಕ್ ಯಾವುದು ಅವನಿಗೆ ಗೊತ್ತಾಗಲಿಲ್ಲ.

ಅವನ ಹಿಂದೆ ಸ್ಟೂಲಿನ ಮೇಲೆ ಅಕ್ಕ ಸಿದ್ದವ್ವ ಕುಳಿತಿದ್ದರು. ಅರವತ್ತು ದಾಟಿದ ಹೆಂಗಸು. ಗಂಡ ಸತ್ತ ಮೇಲೆ ಗಳಗನಾಥದಿಂದ ತಮ್ಮನ ಮನೆಗೆ ಬಂದು, ಆ ಮನೆಯ ಅಡಿಗೆ, ಆಳು, ದನ ಎಲ್ಲವನ್ನೂ ನೋಡಿಕೊಂಡು ಇದ್ದವರು. ತಲೆನೋವಿನವರು ಕೂರುವ ಹಾಗೆ, ಕತ್ತು ಅಲುಗಿಸದೆ ಕುಳಿತಿದ್ದರು.

ಅಂದಾನೆಪ್ಪ ವಿಷಯ ಹೇಳಿದ. ಆರು ವರ್ಷದ ಹಿಂದೆ ಸಿದ್ದವ್ವನಿಗೆ ತಲೆನೋವು ಬಂದಾಗ ಹಾವೇರಿಯಲ್ಲಿ ಸ್ಕ್ಯಾನ್ ಮಾಡಿಸಿದ್ದರು. ಈಗ ಮತ್ತೆ ನೋವು. ಹೋದ ವಾರ ಹುಬ್ಬಳ್ಳಿಯಲ್ಲಿ ಹೊಸ ಸ್ಕ್ಯಾನ್ ಮಾಡಿಸಿದರೆ ಒಳಗೆ ಹುಣಸೆ ಬೀಜದಷ್ಟು ದೊಡ್ಡ ಗಂಟು ಕಂಡಿದೆ. ಡಾಕ್ಟರ್ ಹೇಳಿದ್ದು ಇಷ್ಟು: ಆರು ವರ್ಷದ ಹಿಂದೆಯೂ ಅದು ಅಷ್ಟೇ ಇದ್ದರೆ ಮುಟ್ಟುವುದು ಬೇಡ, ಗುಳಿಗೆಯಲ್ಲಿ ನಡೆಯುತ್ತದೆ. ಬೆಳೆದಿದ್ದರೆ ಶುಕ್ರವಾರ ತಲೆ ತೆರೆಯಬೇಕು. ಹಳೆಯ ಸ್ಕ್ಯಾನ್ ಬುಧವಾರ ಸಂಜೆ ಐದರೊಳಗೆ ತಮ್ಮ ಕೈಗೆ ಬರಬೇಕು, ಇಲ್ಲದಿದ್ದರೆ ಬೆಳೆದಿದೆ ಅಂತಲೇ ತಿಳಿದು ಮುಂದುವರಿಯುತ್ತಾರಂತೆ.

ಅವರು ನನ್ನ ಅಂಗಡಿಗೆ ಬಂದಾಗ ಬುಧವಾರ ಮಧ್ಯಾಹ್ನ ಎರಡು ಗಂಟೆ.

"ಹಾವೇರಿ ಸ್ಕ್ಯಾನಿಂಗಿನವರ ಕಡೆ ಇನ್ನೊಂದು ಕಾಪಿ ಇರತೈತಲ್ಲ?" ಎಂದು ಕೇಳಿದೆ.

"ಆ ಸೆಂಟರ್ ಎಲ್ಲೈತ್ರಿ ಈಗ? ಅಲ್ಲಿ ಸೀರಿ ಅಂಗಡಿ ಆಗೇತಿ."

"ಫಿಲ್ಮ್ ಕೊಟ್ಟಿರ್ತಾರಲ್ಲ, ಕರೇದು, ದೊಡ್ಡದು?"

ಅಂದಾನೆಪ್ಪ ಟೋಪಿ ಸರಿಮಾಡಿಕೊಂಡ. ಉತ್ತರ ಕೊಟ್ಟವರು ಸಿದ್ದವ್ವ. "ಆಗ ಗ್ರಹಣ ಹಿಡಿದಿತ್ತಲ್ಲಪಾ, ಸೂರ್ಯಗ್ರಹಣ. ಅದನ್ನ ಕತ್ತರಿಲೆ ಕತ್ತರಿಸಿ ಹಮಾಲರಿಗೆಲ್ಲ ಒಂದೊಂದ್ ಚೂರು ಹಂಚ್ಯಾನ. ಇಡೀ ಮಾರ್ಕೆಟ್ ನನ್ನ ತಲಿಯೊಳಗ ಹಾಯ್ದು ಸೂರ್ಯಾನ್ನ ನೋಡೇತಿ."

"ಪುಣ್ಯದ ಕೆಲಸ, ಅಕ್ಕಾ," ಅಂದ ತಮ್ಮ.

ಆ ಫಿಲ್ಮಿನಿಂದ ಗ್ರಹಣ ನೋಡಿದರೆ ಕಣ್ಣು ಕೆಡುತ್ತದೆ ಎಂಬುದು ಬೇರೆ ಮಾತು. ಪುಣ್ಯ ಮಾಡಿದವನು ಸೀಡಿಯನ್ನಾದರೂ ಕಪಾಟಿನಲ್ಲಿಟ್ಟಿದ್ದನೇ? ಇಲ್ಲ. ಕಾರಿನ ಪ್ಲೇಯರಿಗೆ ಹಾಕಿ ನೋಡಿದ್ದನಂತೆ. ಹಾಡು ಬರಲಿಲ್ಲ. ಹಾಡು ಬಾರದ ಸೀಡಿ ಕೆಟ್ಟ ಸೀಡಿ ಎಂದು ತೀರ್ಮಾನ ಮಾಡಿ, ತನ್ನ ದಲಾಲಿ ಅಂಗಡಿಯ ಗಾದಿಯ ಪಕ್ಕದಲ್ಲಿ ಇಟ್ಟುಕೊಂಡು, ಆರು ವರ್ಷ ಅದರ ಮೇಲೆ ಚಹಾ ಗ್ಲಾಸು ಇಟ್ಟಿದ್ದಾನೆ. ಮೂವತ್ತು ಸಾವಿರದ ಮೊಬೈಲಿಗೆ ಗಾಜು, ಗಾಜಿನ ಮೇಲೆ ಕವರು, ಕವರಿನ ಮೇಲೆ ದೇವರ ಫೋಟೋ. ಒಡಹುಟ್ಟಿದವಳ ಮಿದುಳಿನ ಮೇಲೆ ಚಹಾ.

ಸೀಡಿ ತಿರುಗಿಸಿದೆ. ಹೆಸರು ಬರೆದ ಮೇಲಿನ ಮಗ್ಗುಲಿಗೆ ಒಂದು ಚೀಟಿ ಅಂಟಿಸಿತ್ತು. ಮೆಣಸಿನಕಾಯಿ ಚೀಲದ ರಾಶಿಗೆ ಹಚ್ಚುತ್ತಾರಲ್ಲ, ಲಾಟ್ ನಂಬರಿನ ಚೀಟಿ, ಅದು.

"ಇದ್ಯಾಕ ಹಚ್ಚೀರಿ?"

"ನಮ್ದಂತ ಗುರ್ತಿಗೆ. ಬಾಜೂ ಅಂಗಡಿಯಾವ್ರು ಎತಗೊಂಡ್ ಹೋಗಬಾರದಲ್ರಿ. ಬ್ಯಾಡಂದ್ರ ತಗೀತೇನಿ ತಡೀರಿ," ಎಂದವನೇ ಸೀಡಿ ನನ್ನ ಕೈಯಿಂದ ಕಿತ್ತುಕೊಂಡು ಚೀಟಿಯ ಮೂಲೆಗೆ ಉಗುರು ಹಾಕಿದ.

ನಾನು ಅವನ ಕೈ ಮೇಲೆ ಫಟ್ ಅಂತ ಹೊಡೆದೆ.

ಬೇಕಂತ ಹೊಡೆದದ್ದಲ್ಲ, ಆದರೆ ಹೊಡೆದದ್ದಕ್ಕೆ ಬೇಸರವೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಈ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಜನ ಹೊಳೆಯುವ ಮಗ್ಗುಲನ್ನು ಕನ್ನಡಿಯ ಹಾಗೆ ಕಾಪಾಡುತ್ತಾರೆ, ಮೇಲಿನ ಬಣ್ಣದ ಮಗ್ಗುಲನ್ನು ಕೆರೆಯುತ್ತಾರೆ, ಅದರ ಮೇಲೆ ಬಾಲ್ ಪೆನ್ನಿನಿಂದ ಒತ್ತಿ ಬರೆಯುತ್ತಾರೆ. ವಿಷಯ ಉಲ್ಟಾ ಇದೆ. ಬರಹ ಇರುವುದು ಆ ಬಣ್ಣದ ಅಡಿಯಲ್ಲಿ, ಕೂದಲಿಗಿಂತ ತೆಳ್ಳಗಿನ ಒಂದು ಪದರಿನಲ್ಲಿ. ಹೊಳೆಯುವ ಕಡೆಗೆ ಇರುವುದು ಬರೀ ದಪ್ಪ ಪ್ಲಾಸ್ಟಿಕ್, ಚಷ್ಮಾದ ಗಾಜಿನ ಹಾಗೆ. ಅಲ್ಲಿ ಗೀರು ಬಿದ್ದರೆ ಏನಾದರೂ ಮಾಡಬಹುದು. ಮೇಲಿನ ಚೀಟಿ ಕಿತ್ತರೆ ಪದರೂ ಅದರ ಜೊತೆ ಎದ್ದು ಬರುತ್ತದೆ. ಲಾಟ್ ನಂಬರಿನ ಹಿಂದೆ ಸಿದ್ದವ್ವನ ತಲೆ ಅಂಟಿಕೊಂಡು ಹೋಗುತ್ತದೆ.

ಇದನ್ನೆಲ್ಲ ಕೂಗಿಯೇ ಹೇಳಿದೆ. ಅಂದಾನೆಪ್ಪ ಎದ್ದು ನಿಂತ.

"ಇಡೀ ಮಾರ್ಕೆಟ್ಟಿನ್ಯಾಗ ನನ್ನ ಕೈ ಮ್ಯಾಲೆ ಕೈ ಎತ್ತಿದಾವ ಒಬ್ಬಾವಿಲ್ಲ. ಏಳಕ್ಕಾ, ಹಾವೇರಿಗಿ ಹೋಗೂಣು. ಅಲ್ಲಿ ಪೆಟ್ರೋಲ್ ಹಚ್ಚಿ ಒರಸಿ ಎರಡ ನಿಮಿಷದಾಗ ಕೊಡ್ತಾರಂತ."

ಸಿದ್ದವ್ವ ಏಳಲಿಲ್ಲ. "ನೀ ಹೋಗಿ ಬಾ. ನಾ ಇಲ್ಲೇ ಕುಂತಿರ್ತೇನಿ." ನಂತರ ನನ್ನ ಕಡೆ ನೋಡಿ, "ತಮ್ಮಾ, ಬೈಯೂದಿದ್ರ ಬೈಕೋತ ಮಾಡು. ಕೈ ನಿಲ್ಲಸಬ್ಯಾಡ" ಅಂದರು.

ಅಂದಾನೆಪ್ಪ ಎಲ್ಲಿಗೂ ಹೋಗಲಿಲ್ಲ. ಕುರ್ಚಿಯ ಮೇಲೆ ಕುಳಿತು ಮುಖ ಬಸ್ ಸ್ಟ್ಯಾಂಡಿನ ಕಡೆ ತಿರುಗಿಸಿಕೊಂಡ.

ಪಕ್ಕದ ಚಷ್ಮಾ ಅಂಗಡಿಯ ನಾಸೀರನನ್ನು ಕರೆದೆ. "ನಾಸೀರ, ಮೆತ್ತನ ಅರಿವಿ ಎರಡು ಕೊಡು. ಹೊಸಾವು. ಯಾರ ಚಷ್ಮಾನೂ ಒರಸಿರಬಾರದು."

ಅವನು ಪ್ಯಾಕೀಟು ಹಿಡಿದುಕೊಂಡೇ ಬಂದ. ಸೀಡಿ ನೋಡಿ ನಕ್ಕ. "ಯಾರ ಮದವಿ, ರುದ್ರಣ್ಣ? ಊಟದ ಎಲಿ ಮ್ಯಾಲೇ ಶೂಟಿಂಗ್ ಮಾಡ್ಯಾರೇನು?"

"ಮದವಿ ಅಲ್ಲ. ಈ ಅವ್ವಾರ ಮಿದುಳ ಐತಿ ಇದರಾಗ."

ನಾಸೀರನ ನಗೆ ನಿಂತಿತು. ಅಂಗಡಿಗೆ ಹೋಗದೆ ಅಲ್ಲೇ ಉಳಿದ.

ಮೊದಲು ಪುಡಿ ಹಾರಿಸಬೇಕು. ಪುಡಿ ಇರುವಾಗ ಒರೆಸಿದರೆ ಉಸುಕಿನ ಕಾಗದದಿಂದ ಉಜ್ಜಿದ ಹಾಗೆ. ಅದಕ್ಕೆ ನನ್ನ ಹತ್ತಿರ ಒಂದು ರಬ್ಬರ್ ಚೆಂಡು ಇದೆ, ಹಿಚುಕಿದರೆ ಮೂತಿಯಿಂದ ಗಾಳಿ ಬರುತ್ತದೆ, ಕ್ಯಾಮೆರಾದವರು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಡ್ರಾಯರಿನಿಂದ ಅದನ್ನು ತೆಗೆಯಲು ಬಗ್ಗಿದ್ದೆ. ಎದ್ದು ಸೀಡಿಯ ಮೇಲೆ ಮುಖ ತಂದೆ. ಅದೇ ಹೊತ್ತಿಗೆ ಎದುರಿನಿಂದ ಅಂದಾನೆಪ್ಪ ಕೆನ್ನೆ ಉಬ್ಬಿಸಿ "ಉಫ್ಫ್" ಅಂದ. ಸಹಾಯ ಮಾಡಿದ್ದಂತೆ.

ಆರು ವರ್ಷದ ಬ್ಯಾಡಗಿ ಮೆಣಸಿನಪುಡಿ ನನ್ನ ಎರಡೂ ಕಣ್ಣಿಗೆ ಬಿತ್ತು. ಜೊತೆಗೆ ಸೀಡಿಯ ಮೇಲೆ ಎಲೆ ಅಡಿಕೆಯ ಉಗುಳು. ಹತ್ತು ನಿಮಿಷ ನಳದ ಕೆಳಗೆ ಮುಖ ಹಿಡಿದು ನಿಂತೆ. ಆ ಹತ್ತು ನಿಮಿಷದಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಾಸೀರ ನೀರು ಹಾಕುತ್ತ, "ಖಾರ ಕಡಿಮಿ ಅಂತಾರಲ್ಲೋ ಬ್ಯಾಡಗಿ ಕಾಯಿಗೆ?" ಅಂದ. ಅವನಿಗೂ ಎರಡು ಬೈದೆ.

ಮರಳಿ ಬಂದು ಚೆಂಡಿನಿಂದ ಪುಡಿ ಹಾರಿಸಿದೆ. ಒಂದು ವಾಟಿಯಲ್ಲಿ ಶುದ್ಧ ನೀರು, ಅದಕ್ಕೆ ಒಂದೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಚೀಟಿಯ ಕಡೆಗೆ ನೀರು ತಾಗಿದರೆ ಕಾಗದ ಉಬ್ಬಿ ಪದರನ್ನು ಎಳೆಯುತ್ತದೆ, ಆದ್ದರಿಂದ ಸೀಡಿಯನ್ನು ನೀರಿಗೆ ಹಾಕುವ ಹಾಗಿರಲಿಲ್ಲ. ಅರಿವೆ ಅದ್ದಿ, ಚೆನ್ನಾಗಿ ಹಿಂಡಿ, ಚಹಾದ ಉಂಗುರಗಳ ಮೇಲೆ ಹಾಸಿ ಬಿಟ್ಟೆ. ಸಕ್ಕರೆ ತಾನಾಗಿ ನೆನೆಯಬೇಕು, ಉಗುರಿನಿಂದ ಕೆರೆಯಬಾರದು.

ಈಗ ಒರೆಸುವ ಕೆಲಸ. ಕಣ್ಣು ಉರಿ, ಸಿಟ್ಟು ಅದಕ್ಕಿಂತ ಉರಿ. ಸಿಟ್ಟಿನ ಕೈಯಿಂದ ಒರೆಸುವುದು ಬೇಡ ಅನ್ನಿಸಿತು. ಅಂದಾನೆಪ್ಪ ಆಗಲೇ ಅಂಗಿಯ ತೋಳು ಮೇಲೆ ಮಾಡುತ್ತಿದ್ದ.

ಸಿದ್ದವ್ವ ಎದ್ದರು. "ಹೆಂಗಂತ ಹೇಳು, ನಾ ಒರಸ್ತೇನಿ."

"ಕೈಗೆ ಖಾರ ಐತೇನ್ರಿ?"

"ಮುಂಜಾನಿ ಕಾಯಿ ತೊಟ್ಟು ಮುರಿದೇನಿ. ತಡಿ." ನಳಕ್ಕೆ ಹೋಗಿ ಸಬಕಾರ ಹಚ್ಚಿ ಎರಡು ಸಲ ತೊಳೆದುಕೊಂಡು, ಒರೆಸಿಕೊಂಡು ಬಂದು ಕುಳಿತರು. "ರೊಟ್ಟಿ ಮ್ಯಾಲೆ ನೀರಿನ ಅರಿವಿ ಆಡಸ್ತೀವಲ್ಲ, ಹಂಗೇನು?"

"ಅಷ್ಟ ಹಗುರ. ಆದ್ರ ಸುತ್ತ ಆಡಸಬ್ಯಾಡ್ರಿ. ನಡುವಿನ ತೂತಿನಿಂದ ಅಂಚಿಗೆ, ನೆಟ್ಟಗ. ಹಿಡಕೊಳ್ಳೂದು ಅಂಚಿಗೆ ಮಾತ್ರ. ಒಂದ್ಸಲ ಎಳದ ಮ್ಯಾಲೆ ಅರಿವಿ ಮಗ್ಗಲಾ ಬದಲಿ ಮಾಡ್ರಿ."

"ಸುತ್ತ ಆಡಿಸಿದ್ರೇನಕ್ಕೈತಿ?" ಅಂದಾನೆಪ್ಪ ಕೇಳಿದ. ಹೆಂಡತಿಯ ಪರವಾಗಿ ಕೇಳಿದ ಅನ್ನಿಸುತ್ತದೆ.

ಬರಹ ಅದರಲ್ಲಿ ಸುತ್ತಾಗಿಯೇ ಇರುತ್ತದೆ ಎಂದು ಹೇಳಿದೆ. ಸಾಲಿನ ಉದ್ದಕ್ಕೂ ಗೀರು ಬಿದ್ದರೆ ಇಡೀ ಸಾಲೇ ಹೋಗುತ್ತದೆ. ಸಾಲಿಗೆ ಅಡ್ಡ ಬಿದ್ದರೆ ಅಲ್ಲೊಂದು ಇಲ್ಲೊಂದು ಅಕ್ಷರ ಹೋಗುತ್ತದೆ, ಅದನ್ನು ಮೆಷಿನ್ನು ಊಹಿಸಿ ಓದಿಕೊಳ್ಳುತ್ತದೆ. "ನಿಮ್ಮ ಮನಿಯವ್ರು ತಾಸ ಹೊತ್ತು ತಿಕ್ಕಿ ಸಾಲಿನ ಮ್ಯಾಲೇ ನಡದಾರ, ಸಾವ್ಕಾರ್ರ. ಅವರ ಕೈ ಸೋತದ್ದು ನಮ್ಮ ದೈವ."

ಸಿದ್ದವ್ವ ತೂತಿನಿಂದ ಅಂಚಿಗೆ ಒಂದೊಂದೇ ಗೆರೆ ಎಳೆಯುತ್ತ ಹೋದರು. ಅವಸರ ಇಲ್ಲ, ಒತ್ತು ಇಲ್ಲ. ಉಂಗುರಗಳು ಕರಗಿ ಅರಿವೆಗೆ ಕಂದು ಬಣ್ಣ ಹತ್ತಿತು. ಇಪ್ಪತ್ತೆರಡು ವರ್ಷದಲ್ಲಿ ಡಿಗ್ರಿ ಓದಿದ ಎಷ್ಟೋ ಜನರಿಗೆ ಇದನ್ನು ಹೇಳಿದ್ದೇನೆ. ಹೇಳಿದ ಹಾಗೆ ಮಾಡಿದವರನ್ನು ಅವತ್ತೇ ಮೊದಲು ನೋಡಿದ್ದು. ಎರಡನೆಯ ಸಲ ಬರೀ ನೀರಿನ ಅರಿವೆ, ಮೂರನೆಯ ಸಲ ಒಣ ಅರಿವೆ. ನಂತರ ತೂತನ್ನು ಒಂದು ಪೆನ್ಸಿಲಿಗೆ ಸಿಕ್ಕಿಸಿ ನೆರಳಿಗೆ ಆರಲು ಇಟ್ಟೆ.

"ಕಾರಿನ ಬಾನೆಟ್ ಮ್ಯಾಲೆ ಇಡೂಣೇನ್ರಿ? ಲಗೂ ಆರತೈತಿ," ಅಂದಾನೆಪ್ಪ ಅಂದ.

"ಕಾಯಿ ಒಣಗಸಾಕ ಹಾಕೀರೇನು? ಬಿಸಿಲಿಗೆ ಡೊಂಕಾಕ್ಕೈತಿ. ಸುಮ್ನ ಕುಂದ್ರಿ."

ಮೂರೂಕಾಲು ಗಂಟೆಗೆ ಹಳೆಯ ಮೆಷಿನ್ನಿಗೆ ಹಾಕಿದೆ. ಈಗಿನ ಕಂಪ್ಯೂಟರುಗಳಿಗೆ ಸೀಡಿ ಹಾಕುವ ಜಾಗವೇ ಇಲ್ಲ. ನಾನು ಒಂದು ಹಳೆಯದನ್ನು ಇಂಥ ಕೆಲಸಕ್ಕೇ ಇಟ್ಟುಕೊಂಡಿದ್ದೇನೆ. ಒಳಗೆ ಗುರ್ ಅಂತ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಫೈಲುಗಳ ಪಟ್ಟಿ ಬಂತು. ತೆರೆದು ನೋಡುವ ಚಪಲಕ್ಕೆ ಹೋಗಲಿಲ್ಲ. ಇಂಥ ಸೀಡಿ ಇನ್ನೊಂದು ಸಲ ಓದಲು ಬಿಡುತ್ತದೋ ಇಲ್ಲವೋ ಗೊತ್ತಿರುವುದಿಲ್ಲ, ಮೊದಲು ನಕಲು ತೆಗೆದುಕೊಳ್ಳಬೇಕು. ಶೇಕಡಾ ಹತ್ತು, ಇಪ್ಪತ್ತು, ನಲವತ್ತು ಆಯಿತು. ಅರವತ್ತೊಂದಕ್ಕೆ ಬಂದು ಮೆಷಿನ್ನು ಕಟ್ ಕಟ್ ಅನ್ನತೊಡಗಿತು. ಮುಂದೆ ಹೋಗಲಿಲ್ಲ.

ಸಿದ್ದವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಆ ಬೆರಳು ಬೆಳ್ಳಗಾಗಿತ್ತು.

"ನಾ ಹೇಳಿರಲಿಲ್ಲ? ಪೆಟ್ರೋಲ್..." ಅಂದಾನೆಪ್ಪ ಶುರು ಮಾಡಿದ.

ಸೀಡಿ ಹೊರತೆಗೆದು ಟ್ಯೂಬ್ ಲೈಟಿಗೆ ಓರೆಯಾಗಿ ಹಿಡಿದೆ. ಅಂಚಿನ ಹತ್ತಿರ ಒಂದು ಹೆಬ್ಬೆರಳಿನ ಗುರುತು, ದೊಡ್ಡದು, ಜಿಡ್ಡಿನದು, ಗೆರೆ ಗೆರೆ ಎಣಿಸುವ ಹಾಗೆ ಹೊಚ್ಚ ಹೊಸದು.

"ಇದನ್ನ ಯಾರ ಮುಟ್ಯಾರ?"

ನಾಸೀರ ಅಂದಾನೆಪ್ಪನನ್ನು ನೋಡಿದ.

"ಆರೇತೋ ಇಲ್ಲೋ ಅಂತ ನೋಡಿದ್ನಿ," ಅಂದ ಅಂದಾನೆಪ್ಪ. "ನೀವು ಕಣ್ಣಿಗೆ ಮತ್ತ ನೀರ ಹಾಕ್ಕೊಳ್ಳಾಕ ಹೋಗಿದ್ರಿ."

ಸಿದ್ದವ್ವನೇ ಕೈ ಚಾಚಿ ಸೀಡಿ ಇಸಿದುಕೊಂಡರು, ಅಂಚಿಗೆ ಹಿಡಿದು. ತಮ್ಮನ ಹೆಬ್ಬೆರಳನ್ನು ಎರಡೇ ಎಳೆತಕ್ಕೆ ಒರೆಸಿ ತೆಗೆದರು. ಓದುವ ವೇಗ ತೀರ ಕಡಿಮೆ ಮಾಡಿ ಮತ್ತೆ ಹಾಕಿದೆ. ಅರವತ್ತು. ಅರವತ್ತೊಂದು. ತಡವರಿಸಿತು. ಅರವತ್ತೆರಡು. ನೂರು ಆಗುವ ಹೊತ್ತಿಗೆ ಗಡಿಯಾರ ನಾಲ್ಕು ದಾಟಿ ಹತ್ತು ನಿಮಿಷ ಆಗಿತ್ತು. ಮೂರು ಚಿತ್ರ ಓದಲಾಗಲಿಲ್ಲ. ನೂರಕ್ಕೂ ಮಿಕ್ಕಿ ಚಿತ್ರಗಳು ಬಂದಿದ್ದವು.

ಒಂದನ್ನು ತೆರೆದೆ. ಕಪ್ಪಿನ ನಡುವೆ ಬೂದಿ ಬಣ್ಣದ ದುಂಡನೆಯ ಆಕಾರ, ಒಳಗೆ ಸುರುಳಿ ಸುರುಳಿ.

"ಇದೇನು ನನ್ನ ತಲಿ?" ಸಿದ್ದವ್ವ ಬಗ್ಗಿ ನೋಡಿದರು. "ಉಳ್ಳಾಗಡ್ಡಿ ಕೊಯ್ದ ಇಟ್ಟಂಗ ಐತಲ್ಲೋ."

"ಉಳ್ಳಾಗಡ್ಡಿ ಛಲೋ ಐತ್ರಿ ಅವ್ವಾರ, ಕೊಳತಿಲ್ಲ," ಅಂದ ನಾಸೀರ. ಸಿದ್ದವ್ವ ಅವತ್ತು ಮೊದಲ ಸಲ ನಕ್ಕರು.

ಚಿತ್ರಗಳನ್ನೆಲ್ಲ ಹುಬ್ಬಳ್ಳಿಯ ಡಾಕ್ಟರ್ ಕೊಟ್ಟಿದ್ದ ವಿಳಾಸಕ್ಕೆ ಮೇಲ್ ಮಾಡಿದೆ. ಕೊನೆಗೆ ಒಂದು ಬೇರೆ ಥರದ ಫೈಲು ಉಳಿಯಿತು. ತೆರೆದರೆ ಇಂಗ್ಲಿಷಿನಲ್ಲಿ ಒಂದು ಪುಟದ ವರದಿ. ಹೊಸರಿತ್ತಿ ಶಾಲೆಯಲ್ಲಿ ಕಲಿತ ನನ್ನ ಇಂಗ್ಲಿಷ್ ಮೆಷಿನ್ನಿನ ಭಾಗಗಳ ಹೆಸರಿಗೆ ಸಾಕಾಗುತ್ತದೆ, ಮನುಷ್ಯರ ಭಾಗಗಳಿಗೆ ಸಾಲದು. ಡಾಕ್ಟರುಗಳ ಚೀಟಿ ಓದಿ ರೂಢಿ ಇದ್ದವನು ನಾಸೀರ. ಅವನೇ ಓದಿದ.

"ಸಣ್ಣ ಗಂಟ ಐತಿ ಅಂತ ಬರದಾರ. ಈಗ ಏನೂ ಮಾಡೂದು ಬ್ಯಾಡ. ಆದ್ರ ವರ್ಷಕ್ಕೊಮ್ಮಿ ತಪ್ಪದ ಸ್ಕ್ಯಾನ್ ಮಾಡಿಸಿ ನೋಡಬೇಕು ಅಂತೈತಿ." ಓದಿದ ಮೇಲೆ ಓದಬಾರದಿತ್ತು ಅನ್ನುವ ಹಾಗೆ ಪರದೆಯಿಂದ ಮುಖ ತಿರುಗಿಸಿದ.

ಸಿದ್ದವ್ವ ತಮ್ಮನ ಕಡೆ ತಿರುಗಿದರು. ಈ ಸಲ ಕತ್ತು ಪೂರ್ತಿ ತಿರುಗಿಸಿಯೇ ನೋಡಿದರು.

"ಅಂದಾನಿ, ಆಗ ನೀ ನನಗೇನಂದಿ? 'ಏನೂ ಇಲ್ಲಕ್ಕಾ, ಬರೇ ಪಿತ್ತ' ಅಂದಿ."

"ನೀ ಹೆದರ್ತಿ ಅಂತ, ಅಕ್ಕಾ."

"ಆರು ವರ್ಷ ಪಿತ್ತದ ಕಷಾಯ ಕುಡದೇನಿ."

"ಸುಗ್ಗಿ ಇತ್ತಲ್ಲ ಆಗ. ಮಾಲು ಬಂದ ಬಿದ್ದಿತ್ತು. ಮುಂದಿನ ವರ್ಷ ನೋಡಿದ್ರಾತು ಅಂತಂದ್ನಿ. ಮತ್ತ ಮುಂದಿನ ವರ್ಷನೂ ಸುಗ್ಗಿ ಬಂತು."

ಆ ಕ್ಷಣದವರೆಗೆ ಅವನ ದಡ್ಡತನದ ಮೇಲೆ ನನಗೆ ಸಿಟ್ಟಿತ್ತು. ಸೀಡಿ ಎಂದರೇನು ಎಂದು ತಿಳಿಯದವನು, ಹೋಗಲಿ. ಆದರೆ ಇವನಿಗೆ ತಿಳಿದಿತ್ತು. ತಿಳಿದೂ ಪ್ರತಿ ದಿನ ಅದರ ಮೇಲೆ ಗ್ಲಾಸು ಇಟ್ಟು ಚಹಾ ಕುಡಿದಿದ್ದಾನೆ. ಅದೇ ಮನೆಯಲ್ಲಿ ಅಕ್ಕ ಹಣೆಗೆ ಅರಿವೆ ಕಟ್ಟಿಕೊಂಡು ಅವನಿಗೆ ರೊಟ್ಟಿ ಬಡಿದಿದ್ದಾರೆ. ಮುಖ್ಯ ಅಂದರೆ, ನಾಚಿಕೆ ಎಂಬುದು ಅವನ ಮುಖದಲ್ಲಿ ಎಲ್ಲೂ ಕಾಣಲಿಲ್ಲ. ಜೇಬಿನಿಂದ ಎಲೆ ಅಡಿಕೆಯ ಚೀಲ ತೆಗೆದು ಬಿಚ್ಚಿದ.

ನಾಸೀರ ಹೇಳಿ ಕಳಿಸಿದ ಚಹಾ ಬಂತು, ಅದೂ ಆರಿತು. ಬೈಯುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಶುಕ್ರವಾರ ಇದೆಯೋ ಇಲ್ಲವೋ, ಅದೊಂದು ಗೊತ್ತಾಗಬೇಕಾಗಿತ್ತು.

ಐದಕ್ಕೆ ಹತ್ತು ನಿಮಿಷ ಇರುವಾಗ ಅಂದಾನೆಪ್ಪನ ಮೊಬೈಲ್ ರಿಂಗಾಯಿತು. ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಡಾಕ್ಟರ್ರು" ಅಂದ.

ಸಿದ್ದವ್ವ ಕೈ ಚಾಚಿದರು. "ಕೊಡು ಇಲ್ಲೆ."

"ನಿನಗ ತಿಳಿಯಂಗಿಲ್ಲಕ್ಕಾ. ಅವರು ಇಂಗ್ಲೀಷಿನ್ಯಾಗ ಹೇಳ್ತಾರ."

"ಕನ್ನಡದಾಗ ಹೇಳಸ್ಕೊಂತೇನಿ. ಕೊಡು."

ಮೊಬೈಲ್ ರಿಂಗಾಗುತ್ತಲೇ ಇತ್ತು. ಅಂದಾನೆಪ್ಪ ನನ್ನ ಕಡೆ ನೋಡಿದ, ನಾಸೀರನ ಕಡೆ ನೋಡಿದ. ನಾವಿಬ್ಬರೂ ಅವನ ಕೈಯನ್ನೇ ನೋಡುತ್ತಿದ್ದೆವು. ಕೊಟ್ಟ.

"ನಮಸ್ಕಾರ್ರಿ. ನಾ ಸಿದ್ದವ್ವ ಮಾತಾಡಾಕತ್ತೇನ್ರಿ. ಹೌದ್ರಿ, ಪೇಶಂಟ್ ನಾನ... ಹೂಂ... ಹೂಂ... ಅಷ್ಟ ಐತೇನ್ರಿ? ಒಂದೀಟೂ ಬೆಳದಿಲ್ಲ?" ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಇನ್ನೊಂದು ಕೈ ಟೇಬಲ್ಲಿನ ಅಂಚನ್ನು ಹಿಡಿದುಕೊಂಡಿತು. "ಹಂಗಾರ ಶುಕ್ರವಾರ ಬ್ಯಾಡ್ರಿ? ಖರೇ ಹೇಳಾಕತ್ತೀರೇನ್ರಿ?"

ನಾಸೀರ ಬಾಗಿಲಿನ ಕಡೆ ತಿರುಗಿ ಚಷ್ಮಾ ತೆಗೆದು ಒರೆಸಿಕೊಂಡ.

"ನೋಡ್ರಿ, ನಾ ಹೇಳಿರಲಿಲ್ಲ, ಏನೂ ಆಗಂಗಿಲ್ಲಂತ!" ಅಂದಾನೆಪ್ಪ ನನಗೆ ಹೇಳಿದ. ಅವನ ಧ್ವನಿ ಆಗಲೇ ಮಾರ್ಕೆಟ್ಟಿನ ಧ್ವನಿ ಆಗಿತ್ತು. "ಅಕ್ಕಾ, ಫೋನ್ ಇತ್ತಾಗ ಕೊಡು. ಮುಂದಿಂದು ನಾ ಮಾತಾಡ್ತೇನಿ."

ಸಿದ್ದವ್ವ ಕೊಡಲಿಲ್ಲ. ಅವನಿಗೆ ಬೆನ್ನು ಮಾಡಿ ಕುಳಿತರು.

"ಡಾಕ್ಟರ್ರ, ಇನ್ನೊಂದ ಮಾತ್ರಿ. ಮುಂದಿನ ವರ್ಷ ಯಾವ ತಿಂಗಳಾಗ ಬರಬೇಕು ನನಗ ಹೇಳ್ರಿ... ಆತ್ರಿ. ಸುಗ್ಗಿ ಇದ್ರೂ ಬರ್ತೇನ್ರಿ. ಈಗೊಂದ್ ನಂಬರ್ ಹೇಳ್ತೇನಿ, ಬರಕೋರಿ."

ಒಂದೊಂದೇ ಅಂಕಿ ಬಿಡಿಸಿ ಬಿಡಿಸಿ ಹತ್ತೂ ಹೇಳಿದರು. ಡಾಕ್ಟರ್ ಅದನ್ನು ಮರಳಿ ಓದಿ ಹೇಳುವವರೆಗೆ ತಡೆದರು. ನಂತರ, "ಹಾಂ, ಅದ ರೀ. ಈ ನಂಬರ್ ನಂದ. ನಮ್ಮ ತಮ್ಮಂದಲ್ಲ," ಅಂದರು.